ಆಮೆ ಓಡಿದ ನಾಲ್ಕು ದಿನ

ಸೋಮವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು ಒಂದು ದೂರು ಬರೆದುಕೊಳ್ಳಬೇಕು ಎಂದಳು. ಒಬ್ಬ ಮನುಷ್ಯ ಎರಡು ದಿನದಿಂದ ಬೇಲಿಗೆ ಹಾಯುತ್ತಲೇ ಇದ್ದಾನೆ, ನಿಲ್ಲುತ್ತಿಲ್ಲ.

ಯಾವ ಬೀದಿಯ ಬೇಲಿ ಎಂದು ಠಾಣೆಯ ರೈಟರ್ ಕೇಳಿದ. ಬೀದಿಯದಲ್ಲ, ಆಟದೊಳಗಿನದು ಎಂದಳು. ರೈಟರ್ ಪೆನ್ನಿಗೆ ಮುಚ್ಚಳ ಹಾಕಿದ.

ಪಕ್ಕದ ಮೇಜಿನಲ್ಲಿ ಹಳೆಯ ಕಡತಗಳಿಗೆ ದಾರ ಕಟ್ಟುತ್ತಿದ್ದ ದಫೇದಾರ ತಲೆಯೆತ್ತಲಿಲ್ಲ. "ಎಮ್ಮೆ ಬೇಲಿಗೆ ಹಾಯ್ದ ಕೇಸು ನೋಡಿದ್ದೀನಮ್ಮ. ಇದು ಹೊಸದು," ಎಂದ.

ಹೆಂಗಸು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಚೀಲದಿಂದ ಒಂದು ನೋಟುಪುಸ್ತಕ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಪುಟದ ತುಂಬ ತಾರೀಕು, ಗಂಟೆ, ನಿಮಿಷ. ಸಣ್ಣ, ಸಮನಾದ ಅಕ್ಷರ. ಆಕೆಗೆ ಕನ್ನಡಕದ ಅಂಗಡಿಯಿತ್ತು. ಅರ್ಧ ನಂಬರು ತಪ್ಪಿದರೆ ಯಾರಿಗೋ ವರ್ಷಪೂರ್ತಿ ತಲೆನೋವು ಬರುವ ಕಸುಬು. ಗಾಜು ಅರೆದ ಬಿಳಿ ಪುಡಿ ಉಗುರಿನ ಸಂದಿಯಲ್ಲಿ ಹಾಗೇ ಇತ್ತು.

ಖಾಲಿ ಲೋಟ ಇಡಲು ಹೊರಗೆ ಬಂದ ಇನ್ಸ್‌ಪೆಕ್ಟರ್ ಆ ಪುಟ ನೋಡಿದರು. ಗಂಟೆ ಬರೆದುಕೊಂಡು ಠಾಣೆಗೆ ಬರುವವರು ಒಂದೋ ತಲೆ ಕೆಟ್ಟವರು, ಇಲ್ಲವೋ ಸರಿಯಿರುವವರು. ಇಬ್ಬರಿಗೂ ಕುರ್ಚಿ ಕೊಡಬೇಕು ಎಂಬುದು ಅವರ ಇಪ್ಪತ್ತು ವರ್ಷದ ಅನುಭವ. ಕುರ್ಚಿ ಎಳೆದು ಕೊಟ್ಟರು. ಮಹಿಳಾ ಕಾನ್‌ಸ್ಟೇಬಲನ್ನು ಕರೆದು ಹೇಳಿಕೆ ಬರೆದುಕೊಳ್ಳಲು ಹೇಳಿದರು.

ಕನ್ನಡಕದ ಅಂಗಡಿಯಾಕೆ ನಾಲ್ಕು ವರ್ಷದಿಂದ ಒಂದು ಆನ್‌ಲೈನ್ ಆಟ ಆಡುತ್ತಿದ್ದಳು. ಸಾವಿರಾರು ಜನ ಒಂದೇ ಹೊತ್ತಿಗೆ ಒಂದೇ ಕಾಡಿನಲ್ಲಿ ಇರುವ ಆಟ. ಮರ ಕಡಿಯಬೇಕು, ದಿಮ್ಮಿ ಹೊತ್ತು ಗಿರಣಿಗೆ ಸಾಗಿಸಬೇಕು, ಸೇರಿ ಮನೆ ಕಟ್ಟಬೇಕು. ಅವಳದು ಹತ್ತೊಂಬತ್ತು ಜನರ ಗುಂಪು. ಅಲ್ಲಿ ಅವಳ ಹೆಸರು ಗುಬ್ಬಿ. ಗುಂಪಿನಲ್ಲಿ ಎಲ್ಲರಿಗಿಂತ ಹಳಬ ಆಮೆ. ಆಮೆಗೆ ಕತ್ತಿನಿಂದ ಕೆಳಗೆ ಮೈ ಆಡುವುದಿಲ್ಲ. ಹಲ್ಲಿನಲ್ಲಿ ಒಂದು ಕಡ್ಡಿ ಕಚ್ಚಿಕೊಂಡು ಕೀಲಿಗಳನ್ನು ಒತ್ತುತ್ತಾನೆ. ಉಳಿದವರು ಹತ್ತು ಸೆಕೆಂಡಿನಲ್ಲಿ ಉರುಳಿಸುವ ಮರಕ್ಕೆ ಅವನಿಗೆ ನಾಲ್ಕು ನಿಮಿಷ ಬೇಕು. ಆ ಹೆಸರನ್ನು ಅವನೇ ಇಟ್ಟುಕೊಂಡದ್ದು.

ಆ ಆಟದಲ್ಲಿ ಕಳ್ಳರೂ ಇದ್ದಾರೆ ಎಂದಳು. ಹೊರಗಿನವರು ಮಾರುವ ಒಂದು ಬಗೆಯ ಸಾಫ್ಟ್‌ವೇರ್ ಸಿಗುತ್ತದೆ. ಹಾಕಿಬಿಟ್ಟರೆ ಸಾಕು, ನಾವು ಮಲಗಿದ್ದರೂ ನಮ್ಮ ಬದಲು ಅದೇ ಮರ ಕಡಿಯುತ್ತದೆ, ಯಾರಾದರೂ ಮಾತಾಡಿಸಿದರೆ ಮೊದಲೇ ಬರೆದಿಟ್ಟ ಉತ್ತರ ಕೊಡುತ್ತದೆ. ಕಂಪನಿ ಇದನ್ನು ನಿಷೇಧಿಸಿದೆ. ಈ ಕಳ್ಳರನ್ನು ಕಂಡರೆ ಆಮೆಗೆ ಮೈಯೆಲ್ಲ ಉರಿ. ಇದುವರೆಗೆ ಮೂವತ್ತೊಂದು ಜನರ ಮೇಲೆ ಕಂಪನಿಗೆ ದೂರು ಕೊಟ್ಟಿದ್ದ, ಪ್ರತಿ ಅಕ್ಷರ ಹಲ್ಲಿನಿಂದ ಒತ್ತಿ.

ಹೋದ ಗುರುವಾರ ಮಧ್ಯಾಹ್ನ 2.10ಕ್ಕೆ ಅದೇ ಆಮೆ ಓಡತೊಡಗಿದ. ಹತ್ತು ಸೆಕೆಂಡಿಗೊಂದು ಮರ, ಬಿಡುವಿಲ್ಲದೆ, ಹಗಲೂ ರಾತ್ರಿ. ಮೊದಲ ದಿನ ಆಮೆಗೆ ಕಾಲು ಬಂತು ಎಂದು ಗುಂಪಿನವರು ತಮಾಷೆ ಮಾಡಿದರು. ಶುಕ್ರವಾರದ ಹೊತ್ತಿಗೆ ತಮಾಷೆ ಮುಗಿಯಿತು. ಊರಿಗೆಲ್ಲ ಬುದ್ಧಿ ಹೇಳಿ ತಾನೇ ಕನ್ನ ಹಾಕಿದ ಎಂದು ಬೈದರು. ಯಾರೂ ಅವನ ಜೊತೆ ಮಾತಾಡಕೂಡದು ಎಂದು ತೀರ್ಮಾನವಾಯಿತು. ರಾತ್ರಿ 9.05ಕ್ಕೆ ಒಬ್ಬರು ಕಂಪನಿಗೆ ದೂರನ್ನೂ ಕೊಟ್ಟರು.

"ಯಾರು ಕೊಟ್ಟಿದ್ದು?" ಇನ್ಸ್‌ಪೆಕ್ಟರ್ ಕೇಳಿದರು.

"ನಾನೇ," ಎಂದಳು, ನೋಟುಪುಸ್ತಕ ನೋಡುತ್ತ.

ಶನಿವಾರ ಮಧ್ಯಾಹ್ನ ಕಂಪನಿ ಆಟದಲ್ಲಿ ಏನೋ ಬದಲಾವಣೆ ಮಾಡಿ ಕಾಡಿನ ಸುತ್ತ ಹೊಸ ಬೇಲಿ ಹಾಕಿತು. ಉಳಿದವರೆಲ್ಲ ಬಳಸಿಕೊಂಡು ಬಾಗಿಲಿನಿಂದ ಹೋದರು. ಆಮೆ ಮಾತ್ರ ಹಳೆಯ ದಾರಿಯಲ್ಲೇ ನೇರ ಹೋಗಿ ಬೇಲಿಗೆ ಬಡಿದುಕೊಂಡ. ಇವತ್ತಿನವರೆಗೂ ಬಡಿದುಕೊಳ್ಳುತ್ತಿದ್ದಾನೆ.

ಸಾಫ್ಟ್‌ವೇರ್ ಹಚ್ಚಿಟ್ಟು ಮರೆತ ಸೋಮಾರಿ ಕಳ್ಳ ಎಂದುಕೊಳ್ಳಬಾರದೇಕೆ, ಇದರಲ್ಲಿ ಪೊಲೀಸರಿಗೇನು ಕೆಲಸ ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಕದಿಯೋನೂ ದಿನಕ್ಕೊಂದ್ಸಲ ಬಂದು ಎಷ್ಟು ಸಿಕ್ತು ಅಂತ ನೋಡ್ತಾನೆ ಸಾರ್. ಎರಡು ದಿನದಿಂದ ಒಂದು ಮರಾನೂ ಬಿದ್ದಿಲ್ಲ, ಯಾರೂ ಬಂದು ನೋಡಿಲ್ಲ. ಅಂದ್ರೆ ಆ ಕಂಪ್ಯೂಟರ್ ಮುಂದೆ ಯಾರೂ ಇಲ್ಲ." ಆಕೆ ಉಸಿರು ತೆಗೆದುಕೊಂಡಳು. "ಆದ್ರೆ ಅವನಿಗೆ ಆ ಕಂಪ್ಯೂಟರ್ ಮುಂದಿನಿಂದ ಎದ್ದು ಹೋಗೋಕಾಗಲ್ಲ."

ಆಕೆ ಫೋನು ತೆರೆದು ತೋರಿಸಿದಳು. ಭಾನುವಾರ ಬೆಳಿಗ್ಗೆ 6.10: ಆಮೆ, ನಾನು ಗುಬ್ಬಿ. ಬೈದಿದ್ದು ತಪ್ಪಾಯ್ತು. ಹುಷಾರಾಗಿದ್ದೀಯಾ? ಅದೇ ನಿಮಿಷದಲ್ಲಿ ಉತ್ತರ: ಸ್ವಲ್ಪ ಕೆಲಸದಲ್ಲಿದ್ದೀನಿ, ಆಮೇಲೆ ಸಿಗೋಣ. 6.12: ನಿಜ ಹೇಳು, ನೀನೇನಾ? ಸ್ವಲ್ಪ ಕೆಲಸದಲ್ಲಿದ್ದೀನಿ, ಆಮೇಲೆ ಸಿಗೋಣ. 6.15: ಸತ್ತುಹೋಗಿದ್ದೀಯಾ? ಸ್ವಲ್ಪ ಕೆಲಸದಲ್ಲಿದ್ದೀನಿ, ಆಮೇಲೆ ಸಿಗೋಣ.

ದಫೇದಾರ ದಾರದ ಉಂಡೆ ಕೆಳಗಿಟ್ಟ.

10.55ಕ್ಕೆ ಠಾಣಾ ದಿನಚರಿಯಲ್ಲಿ ದೂರು ದಾಖಲಾಯಿತು. ಹೆಸರಿನ ಜಾಗದಲ್ಲಿ ರೈಟರ್ 'ಆಮೆ ಎಂದು ಕರೆಸಿಕೊಳ್ಳುವ ವ್ಯಕ್ತಿ' ಎಂದು ಬರೆದ. ವಿಳಾಸದ ಜಾಗ ಖಾಲಿ ಬಿಟ್ಟ.

ವಿಳಾಸವೇ ದೊಡ್ಡ ತೊಡಕಾಗಿತ್ತು. ಕಾನ್‌ಸ್ಟೇಬಲ್ ಆಟದ ಕಂಪನಿಗೆ ಇಲಾಖೆಯ ಮೇಲ್ ಕಳಿಸಿದಳು. ನಿಮ್ಮ ಪತ್ರ ತಲುಪಿದೆ, ಐದು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ ಎಂದು ತಕ್ಷಣ ಮರುಮೇಲ್ ಬಂತು. ಅದೂ ಮೊದಲೇ ಬರೆದಿಟ್ಟದ್ದೇ.

ಆಮೆಯ ಮನೆಯ ಬಗ್ಗೆ ಗೊತ್ತಿರುವುದನ್ನೆಲ್ಲ ಹೇಳಲು ಅಂಗಡಿಯಾಕೆಯನ್ನು ಕೇಳಿದರು. ಹೆಚ್ಚೇನೂ ಇರಲಿಲ್ಲ. ಹಿಂದೆ ದೊಡ್ಡ ಬೋರ್ಡುಗಳಿಗೆ ಬಣ್ಣ ಹಚ್ಚುತ್ತಿದ್ದವನು, ಹನ್ನೊಂದು ವರ್ಷದ ಹಿಂದೆ ಏಣಿಯಿಂದ ಬಿದ್ದ. ಅಕ್ಕನ ಜೊತೆ ಇದ್ದಾನೆ. ಬೆನ್ನು ಹುಣ್ಣಾಗದ ಹಾಗೆ ಪಂಪಿನಿಂದ ಗಾಳಿ ತುಂಬುವ ಹಾಸಿಗೆ. ಜೋರಾಗಿ ಕೂಗುವಷ್ಟು ಉಸಿರಿಲ್ಲ. ಭೇಟಿಯಾಗೋಣ ಎಂದಾಗಲೆಲ್ಲ ಬೇಡ ಎನ್ನುತ್ತಿದ್ದ; ಆಟದಲ್ಲಿ ನಾನು ನಡೀತೀನಿ, ಅಲ್ಲೇ ನೋಡು ಎನ್ನುತ್ತಿದ್ದ.

ಇನ್ನೊಂದು ವಿಷಯವನ್ನು ಆಕೆ ಕೊನೆಗೆ, ಲೆಕ್ಕಕ್ಕಿಲ್ಲ ಎಂಬಂತೆ ಹೇಳಿದಳು. ಅವಳು ಅಂಗಡಿಯಲ್ಲಿ ಕೂತು ಆಡುವಾಗ ಕರೆಂಟ್ ಹೋದರೆ ಇಬ್ಬರೂ ಒಂದೇ ನಿಮಿಷಕ್ಕೆ ಆಟದಿಂದ ಮಾಯವಾಗುತ್ತಿದ್ದರು, ಒಂದೇ ನಿಮಿಷಕ್ಕೆ ವಾಪಸಾಗುತ್ತಿದ್ದರು. ನಾವಿಬ್ಬರೂ ಒಂದೇ ತಂತಿಗೆ ಕೂತ ಹಕ್ಕಿಗಳು ಎಂದು ಆಮೆ ನಗುತ್ತಿದ್ದ.

ಇನ್ಸ್‌ಪೆಕ್ಟರ್ ಟೋಪಿ ಕೈಗೆತ್ತಿಕೊಂಡರು.

11.40ಕ್ಕೆ ವಿದ್ಯುತ್ ಕಚೇರಿಯಲ್ಲಿ ಕಿರಿಯ ಎಂಜಿನಿಯರ್ ನಕ್ಷೆ ಹರಡಿದ. ಕನ್ನಡಕದ ಅಂಗಡಿಗೆ ಬರುವ ಮಾರ್ಗದಲ್ಲಿ ಮೂರು ಬೀದಿ, ನಾನೂರು ಚಿಲ್ಲರೆ ಮೀಟರು. ಮನೆಮನೆ ಸುತ್ತಲು ಎರಡು ದಿನ ಬೇಕು ಎಂದು ದಫೇದಾರ ನಿಟ್ಟುಸಿರು ಬಿಟ್ಟ. ಆಗ ಕಾನ್‌ಸ್ಟೇಬಲ್ ಕೇಳಿದಳು: ಕರೆಂಟ್ ತೆಗೆಯುವ ಮುನ್ನ ರೋಗಿಗಳಿರುವ ಮನೆಗೆ ತಿಳಿಸುವ ಪದ್ಧತಿ ಇದೆಯೇ? ಇತ್ತು. ಅದಕ್ಕೊಂದು ಪುಸ್ತಕವೂ ಇತ್ತು. ಆ ಮಾರ್ಗದಲ್ಲಿ ಎರಡೇ ನಮೂದು. ಆಮ್ಲಜನಕದ ಯಂತ್ರವಿಟ್ಟುಕೊಂಡ ಒಬ್ಬ ಮುದುಕಿ. ಮುದ್ರಣಾಲಯದ ಮೇಲ್ಮಹಡಿಯಲ್ಲಿ ಗಾಳಿಹಾಸಿಗೆಯ ಒಬ್ಬ ಗಂಡಸು, ಅರ್ಜಿದಾರಳು ಅಕ್ಕ.

ಜೀಪು ಮುದ್ರಣಾಲಯದ ಮುಂದೆ ನಿಂತಾಗ 12.15. ಬರಬೇಡಿ ಎಂದಿದ್ದರೂ ಅಂಗಡಿಯಾಕೆ ನಡೆದೇ ಬಂದು ಎದುರು ಬದಿಯಲ್ಲಿ ನಿಂತಿದ್ದಳು. ಆಕೆಯ ಅಂಗಡಿಯ ಕಾಗದದ ಚೀಲಗಳು ಆರು ವರ್ಷದಿಂದ ಅಚ್ಚಾಗುತ್ತಿದ್ದುದು ಇಲ್ಲೇ. ತಿಂಗಳಿಗೊಮ್ಮೆ ಬಂದು, ಕಟ್ಟು ಹೊತ್ತುಕೊಂಡು ಹೋಗುತ್ತಿದ್ದಳು.

ಮೇಲ್ಮಹಡಿಯ ಬಾಗಿಲಿಗೆ ಹೊರಗಿನಿಂದ ಬೀಗ. ಮುದ್ರಣಾಲಯದ ಮೇಸ್ತ್ರಿಯ ಹೇಳಿಕೆ: ಗುರುವಾರ ಎರಡೂವರೆಯ ಸುಮಾರಿಗೆ ಅಕ್ಕ ಒಂದು ಚೀಲ ಹಿಡಿದು ಇಳಿದು ಬಂದಳು. ತಮ್ಮನನ್ನು ಬೆಳಿಗ್ಗೆಯೇ ನೆಂಟರ ಮನೆಗೆ ಸಾಗಿಸಿದ್ದಾಗಿದೆ, ಮನೆ ಖಾಲಿ, ಯಾರಾದರೂ ಬಂದರೆ ಹಾಗೇ ಹೇಳಿ ಎಂದಳು. ಮೇಲೆ ಏನಾದರೂ ಸದ್ದು ಕೇಳಿಸಿತೇ? ಯಂತ್ರ ಓಡುವಾಗ ತನ್ನ ಸದ್ದೇ ತನಗೆ ಕೇಳುವುದಿಲ್ಲ, ಶನಿವಾರ ಭಾನುವಾರ ಮುದ್ರಣಾಲಯ ತೆರೆಯುವುದಿಲ್ಲ ಎಂದ.

ಮೇಸ್ತ್ರಿ ಮತ್ತು ಎದುರಿನ ದರ್ಜಿ ಪಂಚರಾದರು. 12.50ಕ್ಕೆ ಬೀಗ ಒಡೆಯಲಾಯಿತು.

ಒಂದೇ ಉದ್ದನೆಯ ಕೋಣೆ. ಕಿಟಕಿ ಮುಚ್ಚಿತ್ತು. ಮಡಚಿದ ಬಟ್ಟೆಗಳು ಗೋಡೆಯ ಹಲಗೆಯ ಮೇಲೆ ಅಂಚಿಗೆ ಅಂಚು ಕೂಡಿ ಸಾಲಾಗಿದ್ದವು. ಗಾಳಿಹಾಸಿಗೆಯ ಪಂಪು ಇನ್ನೂ ಉಸಿರಾಡುತ್ತಿತ್ತು. ಹಾಸಿಗೆಯ ಮೇಲಿನವನು ಉಸಿರಾಡುತ್ತಿರಲಿಲ್ಲ. ತಲೆ ಎಡಕ್ಕೆ ವಾಲಿತ್ತು. ತುಟಿಯ ಬಳಿಗೆ ಬರುವಂತೆ ಕೊಳವೆ ಸಿಕ್ಕಿಸಿದ್ದ ಎರಡು ಲೀಟರಿನ ಬಾಟಲಿ ಪೂರ್ತಿ ಖಾಲಿ.

ಅವನ ಕಣ್ಣಿನ ನೇರಕ್ಕೆ ಒಂದು ಪರದೆ. ಅದರಲ್ಲಿ ಹಸಿರು ಅಂಗಿಯ ಒಬ್ಬ ಸಣ್ಣ ಮನುಷ್ಯ ಕೊಡಲಿ ಹೊತ್ತು ಬೇಲಿಯತ್ತ ನಡೆದು, ಬಡಿದು, ಹಿಂದೆ ಸರಿದು, ಮತ್ತೆ ನಡೆಯುತ್ತಿದ್ದ. ದಫೇದಾರ ಅದನ್ನು ಆರಿಸಲು ಕೈ ಚಾಚಿದ. ಇನ್ಸ್‌ಪೆಕ್ಟರ್ ತಡೆದರು, ಸಾಕ್ಷ್ಯ, ಮುಟ್ಟುವ ಹಾಗಿಲ್ಲ. ಪಂಚನಾಮೆ ಮುಗಿಯಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಆ ಮನುಷ್ಯ ಬೇಲಿಗೆ ಬಡಿದುಕೊಳ್ಳುತ್ತಲೇ ಇದ್ದ. ದರ್ಜಿ ಮುಖ ತಿರುಗಿಸಿ ಗೋಡೆ ನೋಡುತ್ತ ಸಹಿ ಹಾಕಿದ.

ಪಂಚನಾಮೆಯ ಒಂಬತ್ತನೆಯ ಅಂಶವನ್ನು ಕಾನ್‌ಸ್ಟೇಬಲ್ ಟೇಪು ಹಿಡಿದು ಎರಡು ಸಲ ಅಳೆದು ಬರೆದಳು. ಕೀಲಿಮಣೆ, ಫೋನು, ಬಾಯಿಗೆ ಹಿಡಿಯುವ ಕಡ್ಡಿ, ಮೂರೂ ಚಕ್ರವಿರುವ ಒಂದು ಕಬ್ಬಿಣದ ಸ್ಟ್ಯಾಂಡಿನ ಮೇಲಿದ್ದವು. ಹನ್ನೊಂದು ವರ್ಷ ಹಾಸಿಗೆಯ ಪಕ್ಕ ನಿಂತು ಆ ಚಕ್ರಗಳು ನೆಲಹಾಸಿನಲ್ಲಿ ನಾಲ್ಕು ಕುಳಿ ಮಾಡಿದ್ದವು. ಈಗ ಸ್ಟ್ಯಾಂಡು ಆ ಕುಳಿಗಳಲ್ಲಿರಲಿಲ್ಲ. ಗೋಡೆಯ ಪಕ್ಕ, ಹಾಸಿಗೆಯಿಂದ ಒಂದು ಮೀಟರ್ ತೊಂಬತ್ತು ಸೆಂಟಿಮೀಟರ್ ದೂರದಲ್ಲಿತ್ತು. ಚಕ್ರಗಳಿಗೆ ಬ್ರೇಕ್ ಹಾಕಿತ್ತು.

ಮೊದಲು ಅಸಹಜ ಸಾವು ಎಂದು ದಾಖಲಿಸೋಣ ಎಂದ ದಫೇದಾರ. ಮೆಟ್ಟಿಲು ಇಳಿಯುವಾಗ ಅವನು ಇನ್ಸ್‌ಪೆಕ್ಟರರ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. ಅವನ ತಾಯಿ ಹದಿಮೂರು ತಿಂಗಳು ಹಾಸಿಗೆ ಹಿಡಿದಿದ್ದಳಂತೆ.

"ಹದಿಮೂರು ತಿಂಗಳಿಗೇ ನಮ್ಮ ಮನೇಲಿ ಐದು ಜನ ಹೈರಾಣಾಗಿದ್ವಿ ಸಾರ್. ಇವಳು ಒಬ್ಬಳೇ, ಹನ್ನೊಂದು ವರ್ಷ. ಹೊತ್ತವರಿಗೇ ಗೊತ್ತು ಹೊರೆ. ನೀರಿಟ್ಟು ಹೋಗಿದ್ದಾಳೆ, ಕೊಂದಿಲ್ಲ."

"ಸ್ಟ್ಯಾಂಡು ತಾನಾಗಿ ಉರುಳಲ್ಲ, ದಫೇದಾರರೇ."

"ಉರುಳಲ್ಲ," ಎಂದು ಅವನು ಒಪ್ಪಿಕೊಂಡ.

2.30ಕ್ಕೆ ಶವ ಆಸ್ಪತ್ರೆಗೆ ಹೋಯಿತು. ಬೀದಿಯ ಎದುರು ಬದಿಯಲ್ಲಿ ಅಂಗಡಿಯಾಕೆ ಹಾಗೇ ನಿಂತಿದ್ದಳು. ಕಾನ್‌ಸ್ಟೇಬಲ್ ಹತ್ತಿರ ಹೋದಳು. ಆಕೆ ಅಳಲಿಲ್ಲ. ಸಣ್ಣ ದನಿಯಲ್ಲಿ ಒಂದೇ ಮಾತು ಕೇಳಿದಳು.

"ನಾನು ಭಾನುವಾರ ಬರೆದಿದ್ನಲ್ಲ, ತಪ್ಪಾಯ್ತು ಅಂತ. ಅದನ್ನ ಅವನು ಓದಿದ್ನಾ?"

ಪರದೆಯ ಒಂದು ಬದಿಯಲ್ಲಿ ಕಾಣುತ್ತಿದ್ದ ಗುಂಪಿನ ಮಾತುಗಳ ಸಾಲನ್ನು ಕಾನ್‌ಸ್ಟೇಬಲ್ ಪಂಚನಾಮೆಗಾಗಿ ನಕಲು ಮಾಡಿದ್ದಳು. ಶುಕ್ರವಾರ ಸಂಜೆಯಿಂದ ಒಂದರ ಕೆಳಗೊಂದು: ಕಳ್ಳ. ಮುಖವಾಡ ಕಳಚಿತು. ಇವನ ಕಾಯಿಲೆಯೂ ಸುಳ್ಳಿರಬೇಕು. ಆಮೇಲೆ ಗುಂಪು ಮಾತು ಬಿಟ್ಟಿದ್ದರಿಂದ ಶನಿವಾರವಿಡೀ ಏನೂ ಇಲ್ಲ. ಭಾನುವಾರ 6.10ಕ್ಕೆ ಗುಬ್ಬಿ.

"ಪರದೆ ಅವರ ಕಡೆಗೇ ಇತ್ತು," ಎಂದಳು ಕಾನ್‌ಸ್ಟೇಬಲ್. ಅದು ಸುಳ್ಳಲ್ಲ. ಶವಪರೀಕ್ಷೆಯ ವರದಿ ಇನ್ನೂ ಬಂದಿರಲಿಲ್ಲ.

ಅಕ್ಕ ಕೆಲಸ ಮಾಡುತ್ತಿದ್ದುದು ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ. 3.15ಕ್ಕೆ ಇನ್ಸ್‌ಪೆಕ್ಟರ್ ಅಲ್ಲಿದ್ದರು. ಹಬೆಯಲ್ಲಿ ಹೆಂಗಸರು ಉದ್ದನೆಯ ಹಾಸುಬಟ್ಟೆಗಳನ್ನು ಇಬ್ಬಿಬ್ಬರು ಹಿಡಿದು ಮಡಚುತ್ತಿದ್ದರು. ಮೇಲ್ವಿಚಾರಕಿ ಹಾಜರಿ ಪುಸ್ತಕ ತೋರಿಸಿದಳು. ಹನ್ನೊಂದು ವರ್ಷದಲ್ಲಿ ಅಕ್ಕ ತೆಗೆದುಕೊಂಡ ರಜೆಯೆಲ್ಲ ತಮ್ಮನಿಗೆ ಜ್ವರ ಬಂದಾಗಿನದು. ಈ ಸಲ ಗುರುವಾರ ಮಧ್ಯಾಹ್ನದಿಂದ ಭಾನುವಾರದವರೆಗೆ ಕೇಳಿದ್ದಳು. ಇವತ್ತು ಬೆಳಿಗ್ಗೆ ಆರಕ್ಕೆ ಬರಬೇಕಿತ್ತು, ಬಂದಿಲ್ಲ, ಫೋನು ಬಂದ್. ಜೊತೆಗೆ ಬಟ್ಟೆ ಮಡಚುತ್ತಿದ್ದವಳು ಇನ್ನೊಂದು ಮಾತು ಸೇರಿಸಿದಳು: ಅಕ್ಕ ನಿಂತಲ್ಲೇ ನಿದ್ದೆ ಮಾಡುತ್ತಿದ್ದಳು, ಬಟ್ಟೆಯ ಇನ್ನೊಂದು ತುದಿ ಎಳೆದರೆ ಎಚ್ಚರವಾಗುತ್ತಿದ್ದಳು, ಲಾಂಡ್ರಿಯಲ್ಲಿ ಅವಳ ಅಡ್ಡಹೆಸರು ಕುಂಭಕರ್ಣನ ತಂಗಿ. ಹೇಳಿ ನಗಲು ಹೋದವಳು, ನಿಲ್ಲಿಸಿ, ಏನಾಯಿತು ಎಂದು ಕೇಳಿದಳು.

ಸಾಫ್ಟ್‌ವೇರ್ ಎಲ್ಲಿಂದ ಬಂತು ಎಂಬುದನ್ನು ಹುಡುಕಲು ಕಷ್ಟವಾಗಲಿಲ್ಲ. ಅದು ಪೆನ್‌ಡ್ರೈವಿನಲ್ಲಿ ಬಂದಿತ್ತು, ಪೆನ್‌ಡ್ರೈವು ಕಂಪ್ಯೂಟರಿನಲ್ಲೇ ಉಳಿದಿತ್ತು, ಅದರ ಮೇಲೆ ಆಸ್ಪತ್ರೆಯ ಎದುರಿನ ರಿಪೇರಿ ಅಂಗಡಿಯ ಚೀಟಿ ಅಂಟಿತ್ತು. ರಿಪೇರಿಯವನು ಪೊಲೀಸರನ್ನು ಕಂಡು ಮೊದಲು ಆ ಪೆನ್‌ಡ್ರೈವ್ ತನ್ನದಲ್ಲ ಎಂದ. ಚೀಟಿ ತೋರಿಸಿದ ಮೇಲೆ ತನ್ನದೇ ಎಂದ. ಹತ್ತು ದಿನದ ಹಿಂದೆ ಆ ಹೆಂಗಸು ಬಂದು, ಯಾರೂ ಇಲ್ಲದಿದ್ದರೂ ಇರುವ ಹಾಗೆ ಕಾಣಿಸುವಂಥದ್ದು ಏನಾದರೂ ಇದೆಯೇ ಎಂದು ಕೇಳಿದ್ದಳಂತೆ. ಇವನು ಹಾಕುವುದನ್ನು ಕಲಿಸಿಕೊಟ್ಟ. ವೇಗ ಎಷ್ಟಿರಬೇಕು, ಉತ್ತರ ಏನಿರಬೇಕು ಎಂಬುದನ್ನೆಲ್ಲ ನಾವೇ ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಸಿಕ್ಕಿಬೀಳುತ್ತೀರಿ, ಆಗಾಗ ನೋಡುತ್ತಿರಿ ಎಂದೂ ಎಚ್ಚರಿಸಿದ್ದ. ಆಕೆ ಹೂಂ ಎಂದಳು. ಏನನ್ನೂ ಬದಲಿಸಲಿಲ್ಲ.

ಸಂಜೆ 4.40ಕ್ಕೆ ಕಂಪನಿಯಿಂದ ಮೇಲ್ ಬಂತು, ಠಾಣೆಗಲ್ಲ, ಅಂಗಡಿಯಾಕೆಗೆ. ಆಕೆ ಅದನ್ನು ಠಾಣೆಗೆ ಕಳಿಸಿದಳು. ನಿಮ್ಮ ಶುಕ್ರವಾರದ ದೂರನ್ನು ಪರಿಶೀಲಿಸಿದ್ದೇವೆ. ಸ್ವಯಂಚಾಲಿತ ತಂತ್ರಾಂಶ ಬಳಸಿದ್ದು ಖಚಿತವಾದ್ದರಿಂದ ಆಟಗಾರನ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಆಕ್ಷೇಪಣೆಯಿದ್ದರೆ ಮೂವತ್ತು ದಿನದೊಳಗೆ ಖಾತೆದಾರರೇ ಸಲ್ಲಿಸಬೇಕು.

6.20ಕ್ಕೆ ಶವಪರೀಕ್ಷೆಯ ಮೊದಲ ವರದಿ. ಮೈಯಲ್ಲಿ ನೀರಿಲ್ಲ, ಮೂತ್ರದ ಕೊಳವೆ ಕಟ್ಟಿಕೊಂಡಿದೆ, ಮಗ್ಗುಲು ಬದಲಿಸದೆ, ಕಫ ತೆಗೆಯದೆ ಶ್ವಾಸಕೋಶ ತುಂಬಿದೆ. ಸಾವಿನ ಸಮಯ ಶನಿವಾರ ರಾತ್ರಿ ಹನ್ನೊಂದರಿಂದ ಭಾನುವಾರ ಬೆಳಗಿನ ಮೂರರ ನಡುವೆ. ಕಾನ್‌ಸ್ಟೇಬಲ್ ಅದನ್ನು ಓದಿ, ಮಡಚಿ, ಕಡತಕ್ಕೆ ಸೇರಿಸಿದಳು. ಕನ್ನಡಕದ ಅಂಗಡಿಗೆ ಫೋನು ಮಾಡಲಿಲ್ಲ. 7.05ಕ್ಕೆ ಅಕ್ಕನ ಮೇಲೆ ಕೊಲೆಯ FIR ದಾಖಲಾಯಿತು.

ಅಕ್ಕನ ಫೋನು ಬಂದ್ ಆಗುವ ಮುನ್ನ ಅದರ ಸಿಗ್ನಲ್ ಕೊನೆಯ ಬಾರಿಗೆ ಸಿಕ್ಕಿದ್ದು ಎರಡು ಗಂಟೆ ಪ್ರಯಾಣದ ಒಂದು ಊರಿನ ಬಸ್ ನಿಲ್ದಾಣದ ಮೊಬೈಲ್ ಟವರಿಗೆ. ಮಂಗಳವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್, ದಫೇದಾರ, ಕಾನ್‌ಸ್ಟೇಬಲ್ ಮೂವರೂ ಅಲ್ಲಿಗೆ ಹೋದರು. ನಿಲ್ದಾಣದ ಹಿಂದೆ ನಾಲ್ಕು ಲಾಡ್ಜು. ಮೂರನೆಯದರ ದಾಖಲೆ ಪುಸ್ತಕದಲ್ಲಿ ಅವಳ ನಿಜವಾದ ಹೆಸರು, ನಿಜವಾದ ವಿಳಾಸ, ದುಂಡಗಿನ ಅಕ್ಷರದಲ್ಲಿ. ಬಚ್ಚಿಟ್ಟುಕೊಳ್ಳುವವರ ಲಕ್ಷಣವೇ ಇದಲ್ಲ ಎಂದ ದಫೇದಾರ.

ಗುರುವಾರ ಬಂದವಳು ಎರಡು ದಿನಕ್ಕೆಂದು ಕೋಣೆ ಹಿಡಿದಿದ್ದಳು ಎಂದು ಮ್ಯಾನೇಜರ್ ಹೇಳಿದ. ಬಾಗಿಲು ತಟ್ಟಬಾರದು, ಅಷ್ಟೇ ಅವಳು ಕೇಳಿದ್ದು. ಶನಿವಾರ ಬೆಳಿಗ್ಗೆ ಚೀಲ ಹಿಡಿದು ನಿಲ್ದಾಣಕ್ಕೆ ಹೋದಳು, ಮುಕ್ಕಾಲು ಗಂಟೆ ಬಿಟ್ಟು ವಾಪಸ್ ಬಂದು ಇನ್ನೊಂದು ದಿನ ಎಂದಳು. ಅವತ್ತೇ ಸಂಜೆ ಮತ್ತೆ ಹಾಗೇ. ಭಾನುವಾರದಿಂದ ನಿಲ್ದಾಣಕ್ಕೂ ಹೋಗಿಲ್ಲ.

11.15. ಕಾನ್‌ಸ್ಟೇಬಲ್ ಬಾಗಿಲು ತಟ್ಟಿದಳು. ನಾಲ್ಕು ಸಲ ತಟ್ಟಿದ ಮೇಲೆ ತೆರೆಯಿತು. ಮೂವತ್ತೆಂಟರ ಹೆಂಗಸು, ದಿಂಬಿನ ಗೆರೆ ಕೆನ್ನೆಯ ಮೇಲೆ ಅಚ್ಚೊತ್ತಿತ್ತು. ಸಮವಸ್ತ್ರ ನೋಡಿ ಗಾಬರಿಯಾಗಲಿಲ್ಲ. ಒಳಗೆ ಬನ್ನಿ ಎಂದು ಪಕ್ಕಕ್ಕೆ ಸರಿದಳು.

"ನಿಮ್ಮ ತಮ್ಮ ಎಲ್ಲಿ?" ಇನ್ಸ್‌ಪೆಕ್ಟರ್ ಕೇಳಿದರು.

"ಮನೇಲಿ."

"ಹೇಗಿದ್ದಾನೆ?"

ಆಕೆ ಗೋಡೆ ಗಡಿಯಾರ ನೋಡಿದಳು. "ಆಡ್ತಿರ್ತಾನೆ."

ಅವನು ಸತ್ತಿದ್ದಾನೆ ಎಂದು ಇನ್ಸ್‌ಪೆಕ್ಟರ್ ಹೇಳಿದರು. ಆಕೆ ಹಾಸಿಗೆಯ ಅಂಚಿನಲ್ಲಿ ಕುಳಿತು, ಹೊದಿಕೆಯನ್ನು ಎಳೆದು, ಅಂಚಿಗೆ ಅಂಚು ಕೂಡಿಸಿ ಮಡಚಿದಳು. 11.30ಕ್ಕೆ ಬಂಧನ ಪತ್ರಕ್ಕೆ ಸಹಿ ಹಾಕಿದಳು. ಎರಡು ಗಂಟೆಯ ದಾರಿಯಲ್ಲಿ ಕಾನ್‌ಸ್ಟೇಬಲಿನ ಹೆಗಲಿಗೆ ತಲೆ ವಾಲಿಸಿ ನಿದ್ದೆ ಮಾಡಿದಳು. ಕಾನ್‌ಸ್ಟೇಬಲ್ ಹೆಗಲು ಸರಿಸಲಿಲ್ಲ.

ಮಧ್ಯಾಹ್ನ ಠಾಣೆಯಲ್ಲಿ ಕೇಳಿದ್ದಕ್ಕೆಲ್ಲ ಸುತ್ತುಬಳಸಿಲ್ಲದೆ ಉತ್ತರ ಕೊಟ್ಟಳು. ಎರಡು ವಾರದ ಹಿಂದೆ ತಮ್ಮನಿಗೂ ಅವಳಿಗೂ ಮಾತಿಗೆ ಮಾತು ಬೆಳೆದಿತ್ತು. ಎರಡು ದಿನ ನಿನ್ನನ್ನು ಯಾರ ಕೈಲಾದರೂ ಬಿಟ್ಟು ಎಲ್ಲಿಗಾದರೂ ಹೋಗಿ ಮಲಗಬೇಕು ಎಂದಿದ್ದಳು. ಪರರ ಕೈ ಮುಟ್ಟಿದರೆ ಅವನಿಗೆ ಆಗದು. ಹೋಗಿ ನೋಡು, ಎಂದನಂತೆ. ಅವರ ಗುಂಪಿನಲ್ಲಿ ಒಂದು ಕಟ್ಟಳೆಯಿದೆ, ಹಿಂದೆ ಅವರಲ್ಲೊಬ್ಬ ಒಂಟಿಯಾಗಿ ಸತ್ತು ಹನ್ನೆರಡು ದಿನ ಯಾರಿಗೂ ತಿಳಿಯಲಿಲ್ಲ, ಅಂದಿನಿಂದ ಪ್ರತಿ ಬೆಳಿಗ್ಗೆ ಎಂಟರೊಳಗೆ ಎಲ್ಲರೂ ಆಟದಲ್ಲಿ ಕಾಣಿಸಿಕೊಳ್ಳಬೇಕು. ಒಂದು ದಿನ ನಾನು ಕಾಣಿಸದಿದ್ದರೆ ಪೊಲೀಸರನ್ನು ಕರೆಯುತ್ತಾರೆ, ನೀನು ಎಲ್ಲಿದ್ದರೂ ಎಳೆದು ತರುತ್ತಾರೆ ಎಂದಿದ್ದ.

"ಹೆದರಿಸೋಕೆ ಹೇಳಿದ್ದಲ್ಲ ಅವನು," ಎಂದಳು. "ಅವನಿಗೇ ಭಯ. ಆದ್ರೆ ನನಗೆ ಬಾಗಿಲು ಹಾಕಿದ ಹಾಗಾಯ್ತು."

ಅವನು ಕಾಣಿಸುತ್ತಲೇ ಇದ್ದರೆ ಯಾರೂ ಬರುವುದಿಲ್ಲ ಎಂದು ಅವಳಿಗೆ ಹೊಳೆದದ್ದು ಆಮೇಲೆ. ಆಟದ ಬಗ್ಗೆ ಅವಳಿಗೆ ಏನೂ ಗೊತ್ತಿರಲಿಲ್ಲ. ಅವನ ಹೆಸರಿನ ಪಕ್ಕದ ಹಸಿರು ದೀಪ ಉರಿಯುತ್ತಿದ್ದರೆ ಸಾಕು ಎಂದುಕೊಂಡಿದ್ದಳು. ತಮ್ಮ ನಿಧಾನ ಎಂಬುದು ಹೊರಗಿನವರಿಗೂ ಗೊತ್ತಿರುತ್ತದೆ ಎಂದು ಯೋಚಿಸಿಯೇ ಇರಲಿಲ್ಲ.

ಸ್ಟ್ಯಾಂಡನ್ನು ಯಾಕೆ ಸರಿಸಿದೆ ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಅವನು ಅದನ್ನ ನಿಲ್ಲಿಸಿಬಿಡ್ತಾನೆ ಅಂತ."

"ನಿಲ್ಲಿಸಿದ್ರೆ ಜನ ಬರ್ತಿದ್ರು."

"ಹೂಂ."

"ಫೋನೂ ಅದರ ಮೇಲೇ ಇತ್ತು."

"ಹೂಂ."

"ಏನು ಹೇಳಿದ ಅವನು, ಸರಿಸುವಾಗ?"

"ಕಡ್ಡಿ ಒಂದಾದ್ರೂ ಬಾಯಲ್ಲಿಡು ಅಂದ."

ರೈಟರ್ ಬರೆಯುವುದನ್ನು ನಿಲ್ಲಿಸಿ ಇನ್ಸ್‌ಪೆಕ್ಟರ್ ಮುಖ ನೋಡಿದ. ಬರಿ ಎಂಬಂತೆ ಅವರು ತಲೆಯಾಡಿಸಿದರು.

ಅವನು ಸಾಯಬೇಕು ಅಂತ ಇತ್ತೇ ಎಂದು ಕೊನೆಗೆ ಕೇಳಿದರು. ಇಲ್ಲ, ಎಂದಳು. ಅವನು ಇಲ್ಲದ ಹಾಗೆ ಎರಡು ದಿನ ಇರಬೇಕು ಅಂತ ಇತ್ತು, ಸಾಯುವುದು ಬೇರೆ. ಶನಿವಾರ ಬೆಳಿಗ್ಗೆ ಹೊರಡುವುದೆಂದೇ ನಿಲ್ದಾಣಕ್ಕೆ ಹೋದಳು. ಬಸ್ಸು ಬಂತು. ಮುಂದಿನದಕ್ಕೆ ಹೋದರಾಯಿತು ಎಂದುಕೊಂಡಳು. ಸಂಜೆಯೂ ಬಸ್ಸು ಬಂತು.

ಹಾಗಾದರೆ ಭಾನುವಾರ ಯಾಕೆ ಹೋಗಲಿಲ್ಲ?

ಮೇಜಿನ ಅಂಚನ್ನು ಎರಡು ಕೈಯಿಂದ ಹಿಡಿದುಕೊಂಡು ಅವಳು ಹೇಳಿದಳು.

"ಅವನನ್ನ ಎರಡು ಗಂಟೆಗೊಂದ್ಸಲ ಮಗ್ಗುಲು ತಿರುಗಿಸಬೇಕು ಸಾರ್, ಇಲ್ಲಾಂದ್ರೆ ಬೆನ್ನು ಕೊಳೆಯುತ್ತೆ. ಹನ್ನೊಂದು ವರ್ಷ, ಗಡಿಯಾರ ಬೇಕಿಲ್ಲ, ನನಗೇ ಎಚ್ಚರ ಆಗೋದು. ಲಾಡ್ಜಲ್ಲೂ ಆಯ್ತು. ಮೊದಲನೇ ರಾತ್ರಿ ಎರಡು ಗಂಟೆಗೊಂದ್ಸಲ ಎದ್ದು ಕೂತ್ಕೊಂಡೆ. ಎರಡನೇ ರಾತ್ರೀನೂ. ಏನು ಮಾಡ್ಬೇಕು ಅಂತ ತಿಳೀದೆ ದಿಂಬು ತಿರುಗಿಸಿ ಇಟ್ಟು ಮಲಗ್ತಿದ್ದೆ. ಮೂರನೇ ರಾತ್ರಿ, ಶನಿವಾರ, ಎಚ್ಚರಾನೇ ಆಗಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು. ಇನ್ನು ನನ್ನ ಕೈಲಿ ಆ ಮನೆಗೆ ಹೋಗೋಕಾಗಲ್ಲ ಅಂತ ಆಗಲೇ ಗೊತ್ತಾಯ್ತು."

ಇನ್ಸ್‌ಪೆಕ್ಟರ್ ಮುಂದೆ ಕಡತ ತೆರೆದೇ ಇತ್ತು, ವೈದ್ಯರ ವರದಿ ಎಲ್ಲಕ್ಕಿಂತ ಮೇಲೆ. ಅದರಲ್ಲಿ ಸಾವಿನ ಸಮಯ ಬರೆದಿದ್ದ ಸಾಲಿನ ಮೇಲೆ ಅವರು ಅಂಗೈ ಇಟ್ಟರು. ರೈಟರ್ ಹೇಳಿಕೆಯನ್ನು ಮೊದಲಿನಿಂದ ಓದಿ ಹೇಳಿದ. ಸರಿಯಿದೆ ಎಂದು ಅವಳು ಒಪ್ಪಿದಳು. ಸಮಯ ಎಷ್ಟು ಬರೆಯಲಿ ಎಂದು ಅವನು ಕೇಳಿದ. ಐದು ಐವತ್ತು ಎಂದರು ಇನ್ಸ್‌ಪೆಕ್ಟರ್.